ಮಲೆನಾಡಿಗೊಂದು ಮೊದಲ ಕ್ಯಾಮರಾ: ಡಿಎಸ್‌ಎಲ್‌ಆರ್ ಮತ್ತು ಮಸೂರಗಳ ಆಯ್ಕೆ

(ಪರಿಸರ ಶಿಬಿರದಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳನ್ನು ಉದ್ದೇಶಿಸಿ ನೀಡಿದ ಉಪನ್ಯಾಸದ ಬರಹ ರೂಪ)



ಪಶ್ಚಿಮಘಟ್ಟದ ಹೋರಾಟಗಳಲ್ಲಿ ಕ್ಯಾಮರಾಕ್ಕೆ ತನ್ನದೇ ಆದ ಸ್ಥಾನವಿದೆ. ಕುದುರೆಮುಖದ ಕಬ್ಬಿಣದ ಅದಿರಿನ ಗಣಿಯಿಂದ ಕಾಡಿಗೂ ಭದ್ರಾ ನದಿಗೂ ಆಗುತ್ತಿದ್ದ ಹಾನಿಯನ್ನು ಶೇಖರ್ ದತ್ತಾತ್ರಿಯವರು 2001ರಲ್ಲಿ ಕಿರುಚಿತ್ರವಾಗಿ ದಾಖಲಿಸಿದರು. 2002ರಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶ ಬಂದಿತು. 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಅದಕ್ಕೆ ಚಿತ್ರವೊಂದೇ ಕಾರಣವಲ್ಲ. ಆದರೆ ಘಟ್ಟವನ್ನು ಎಂದೂ ಹತ್ತದವರಿಗೆ ಘಟ್ಟದ ಗಾಯವನ್ನು ತೋರಿಸಲು ಚಿತ್ರಕ್ಕೆ ಮಾತ್ರ ಸಾಧ್ಯ.

ಆದ್ದರಿಂದ ಹಳ್ಳಿಯ ಯುವಕನೊಬ್ಬ ಅಥವಾ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳು "ಮೊದಲ ಕ್ಯಾಮರಾ ಯಾವುದನ್ನು ಕೊಳ್ಳಬೇಕು?" ಎಂದು ಕೇಳಿದಾಗ ಅದು ಬರಿಯ ಹವ್ಯಾಸದ ಪ್ರಶ್ನೆಯಲ್ಲ. ಅಡಿಕೆಯ ಹಣದಲ್ಲಿ ಒಂದು ಪಾಲು ಇದಕ್ಕೆ ಹೋಗುವುದಾದರೆ ಆ ಪಾಲು ವ್ಯರ್ಥವಾಗಬಾರದು. ಅಂಗಡಿಯಲ್ಲಿ ಮಾತು ಮೆಗಾಪಿಕ್ಸೆಲ್ಲಿನಿಂದ ಆರಂಭವಾಗುತ್ತದೆ. ಮಲೆನಾಡಿನವರು ಆರಂಭಿಸಬೇಕಾದುದು ಬೇರೆ ಮೂರು ಪ್ರಶ್ನೆಗಳಿಂದ: ಯಾವ ಕೆಲಸಕ್ಕೆ ಬೇಕು? ಆ ಕೆಲಸಕ್ಕೆ ತಕ್ಕ ಮಸೂರ ಯಾವುದು? ಮಳೆಗಾಲದಲ್ಲಿ ಅದನ್ನು ಉಳಿಸಿಕೊಳ್ಳುವುದು ಹೇಗೆ?

ಕೆಲಸದ ವಿಚಾರ

ಕಡಿದ ಮರದ ಬುಡ, ಅಗೆದ ಗುಡ್ಡ, ಬತ್ತಿದ ಹಳ್ಳ ಇವುಗಳ ಚಿತ್ರಕ್ಕೆ ಇಂದು ಮೊಬೈಲು ಸಾಕು. ಅಷ್ಟೇ ಉದ್ದೇಶವಿದ್ದವರು ಹಣವನ್ನು ಉಳಿಸಿಕೊಳ್ಳುವುದೇ ಜಾಣತನ. ಮೊಬೈಲಿನ ಶಕ್ತಿ ಕುಂದುವುದು ಮೂರು ಕಡೆ: ದೂರದ ಕೊಂಬೆಯ ಮಂಗಟ್ಟೆ ಹಕ್ಕಿ ಅಥವಾ ಸಿಂಗಳೀಕ, ಕಾಡಿನೊಳಗಿನ ಮಬ್ಬು ಬೆಳಕಿನಲ್ಲಿ ಚಲಿಸುವ ಪ್ರಾಣಿ, ಜಾತಿ ಗುರುತಿಸಲು ಮೈಮೇಲಿನ ಗೆರೆಗಳೂ ಸ್ಪಷ್ಟವಾಗಿ ಕಾಣಬೇಕಾದ ಕಪ್ಪೆ, ಕೀಟಗಳು. ಇವು ಬೇಕಾದವರಿಗೆ ಮಾತ್ರ ಮಸೂರ ಬದಲಿಸಬಲ್ಲ ಕ್ಯಾಮರಾದ ಅಗತ್ಯವಿದೆ.

ಮೆಗಾಪಿಕ್ಸೆಲ್ಲಿನ ಲೆಕ್ಕ ಸರಳವಾದುದು. ಎ4 ಅಳತೆಯ ಇಡೀ ಪುಟಕ್ಕೆ ಅಂಗುಲಕ್ಕೆ 300 ಚುಕ್ಕೆಗಳಂತೆ ಅಚ್ಚು ಹಾಕಲು ಸುಮಾರು 9 ಮೆಗಾಪಿಕ್ಸೆಲ್ ಬೇಕು. ಹತ್ತು ವರ್ಷ ಹಳೆಯದಾದ ಡಿಎಸ್‌ಎಲ್‌ಆರ್‌ಗಳಲ್ಲಿಯೂ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚೇ ಇರುತ್ತದೆ. ಆದ್ದರಿಂದ ಈ ಸಂಖ್ಯೆಗಾಗಿ ಹೆಚ್ಚು ಹಣ ತೆರಬೇಕಾದ ಕಾರಣವಿಲ್ಲ.

ಬದಲಾದ ಮಾರುಕಟ್ಟೆ

ಸಾಮಾನ್ಯರ ಕೈಗೆಟುಕುವ ಡಿಎಸ್‌ಎಲ್‌ಆರ್ ಯುಗವನ್ನು 2003ರಲ್ಲಿ ಕ್ಯಾನನ್ 300ಡಿ ಆರಂಭಿಸಿತು. 2004ರಲ್ಲಿ ನಿಕಾನ್ ಡಿ70 ಬಂದಿತು. ಮಸೂರದಿಂದ ಬಂದ ಬೆಳಕನ್ನು ಒಳಗಿನ ಕನ್ನಡಿಯೊಂದು ಮೇಲಕ್ಕೆ ತಿರುಗಿಸಿ ಕಣ್ಣಿಗೆ ತೋರಿಸುವುದೇ ಈ ಬಗೆಯ ಕ್ಯಾಮರಾದ ತಂತ್ರ. 2018ರಲ್ಲಿ ಇವೆರಡೂ ಕಂಪನಿಗಳು ಕನ್ನಡಿಯಿಲ್ಲದ, ಮಿರರ್‌ಲೆಸ್ ಎಂಬ ಹೊಸ ಶ್ರೇಣಿಗಳತ್ತ ಹೊರಳಿದವು. ಅಲ್ಲಿಂದೀಚೆಗೆ ಹೊಸ ಸಂಶೋಧನೆಯೆಲ್ಲ ಬಹುಮಟ್ಟಿಗೆ ಆ ಕಡೆಗೇ ಹರಿದಿದೆ.

ಇದರಿಂದ ಹೊಸಬರಿಗೆ ನಷ್ಟಕ್ಕಿಂತ ಲಾಭವೇ ಹೆಚ್ಚು. ನಗರದ ಹವ್ಯಾಸಿಗಳು ಹೊಸ ಕ್ಯಾಮರಾಗಳಿಗೆ ಬದಲಾದಂತೆ ಒಳ್ಳೆಯ ಡಿಎಸ್‌ಎಲ್‌ಆರ್‌ಗಳೂ ಮಸೂರಗಳೂ ಹಳೆಯ ಸಾಮಾನಿನ ಪೇಟೆಗೆ ಬಂದಿವೆ. ಕ್ಯಾನನ್‌ನ ಇಎಫ್ ಮಸೂರಗಳು 1987ರಿಂದಲೂ, ನಿಕಾನ್‌ನ ಎಫ್ ಮೌಂಟ್ 1959ರಿಂದಲೂ ಇರುವುದರಿಂದ ಆಯ್ಕೆಗೆ ಕೊರತೆಯಿಲ್ಲ. ಮುಂದೆ ಮಿರರ್‌ಲೆಸ್‌ಗೆ ಹೋದರೂ ಅಡಾಪ್ಟರ್ ಮೂಲಕ ಈ ಮಸೂರಗಳಲ್ಲಿ ಹೆಚ್ಚಿನವನ್ನು ಬಳಸಬಹುದು. ಹಾಗಾಗಿ ಮಸೂರಕ್ಕೆ ಹಾಕಿದ ಹಣ ಉಳಿಯುತ್ತದೆ. ಕ್ಯಾಮರಾದ ದೇಹಕ್ಕೆ ಹಾಕಿದ ಹಣ ಬೇಗ ಕರಗುತ್ತದೆ. ಆಯ್ಕೆಯ ಮೂಲಸೂತ್ರವೇ ಇದು: ದೇಹ ಸಾಧಾರಣವಿರಲಿ, ಮಸೂರ ಉತ್ತಮವಿರಲಿ.

ಹೊಂದಾಣಿಕೆಯ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ನಿಕಾನ್‌ನ ಡಿ3000 ಮತ್ತು ಡಿ5000 ಶ್ರೇಣಿಯ ಕ್ಯಾಮರಾಗಳ ದೇಹದಲ್ಲಿ ಫೋಕಸ್ ಮೋಟಾರು ಇಲ್ಲ. ಅವುಗಳಿಗೆ ಮೋಟಾರನ್ನು ಒಳಗೊಂಡ ಎಎಫ್-ಎಸ್ ಮಸೂರವೇ ಬೇಕು. ಹಳೆಯ ಎಎಫ್ ಮಸೂರವನ್ನು ಹಾಕಿದರೆ ಕೈಯಿಂದಲೇ ಫೋಕಸ್ ಮಾಡಬೇಕಾಗುತ್ತದೆ. ಡಿ3200 ಹಾಗೂ ಆ ಶ್ರೇಣಿಯ ಅದಕ್ಕಿಂತ ಹಿಂದಿನ ಮಾದರಿಗಳಲ್ಲಿ ಹೊಸ ಎಎಫ್-ಪಿ ಮಸೂರಗಳು ಫೋಕಸ್ ಆಗುವುದೇ ಇಲ್ಲ. ಕ್ಯಾನನ್‌ನಲ್ಲಿ ಇಎಫ್-ಎಸ್ ಮಸೂರಗಳು ಸಣ್ಣ ಸೆನ್ಸರಿನ ಕ್ಯಾಮರಾಗಳಿಗೆ ಮಾತ್ರ ಹೊಂದುತ್ತವೆ.

ಮೂರು ಮಸೂರಗಳು

ಮೊದಲನೆಯದು ಕ್ಯಾಮರಾದೊಡನೆ ಬರುವ 18-55 ಮಿ.ಮೀ. ಮಸೂರ. ಇದನ್ನು ಹೀಗಳೆಯುವವರು ಬಹಳ. ಆದರೆ ಗುಡ್ಡ, ಹಳ್ಳ, ಊರು, ಜನ ಎಲ್ಲವೂ ಇದಕ್ಕೆ ದಕ್ಕುತ್ತವೆ. ಸುಮಾರು ಕಾಲು ಮೀಟರು ಹತ್ತಿರದಿಂದ ಅಣಬೆ, ಹೂವುಗಳನ್ನೂ ತೆಗೆಯಬಹುದು. ಮೊದಲ ಒಂದು ವರ್ಷ ಇದೊಂದರಲ್ಲೇ ದುಡಿದವರಿಗೆ ಮುಂದೆ ಯಾವುದು ಬೇಕೆಂಬುದು ತಾನಾಗಿ ತಿಳಿಯುತ್ತದೆ.

ಎರಡನೆಯದು 50 ಮಿ.ಮೀ. ಎಫ್ 1.8 ಮಸೂರ. ಬೆಲೆ ಕಡಿಮೆ, ಬೆಳಕು ಹೆಚ್ಚು. ಎಫ್ 5.6ಕ್ಕೆ ಹೋಲಿಸಿದರೆ ಇದು ಸುಮಾರು ಹತ್ತು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಆಷಾಢದ ಮಧ್ಯಾಹ್ನ ದೇವರಕಾಡಿನೊಳಗೆ ನಿಂತವರಿಗೆ ಆ ಹತ್ತು ಪಟ್ಟಿನ ಬೆಲೆ ಅರ್ಥವಾದೀತು. ಇದೇ ಮಸೂರಕ್ಕೆ ರಿವರ್ಸ್ ರಿಂಗ್ ಎಂಬ ಅಗ್ಗದ ಬಳೆಯನ್ನು ಹಾಕಿ ಹಿಂದುಮುಂದಾಗಿ ಜೋಡಿಸಿದರೆ ಕೀಟಗಳನ್ನು ಹಿಗ್ಗಿಸಿ ತೆಗೆಯಬಹುದು. ಆಗ ಫೋಕಸನ್ನು ಕ್ಯಾಮರಾ ಹಿಂದೆ ಮುಂದೆ ಸರಿಸಿಯೇ ಹಿಡಿಯಬೇಕು.

ಮೂರನೆಯದು ದೂರದ ಮಸೂರ: 55-250 ಅಥವಾ 70-300 ಮಿ.ಮೀ. ಸಣ್ಣ ಸೆನ್ಸರಿನಿಂದಾಗಿ 300 ಮಿ.ಮೀ. ಮಸೂರವು ನಿಕಾನ್‌ನಲ್ಲಿ 450ರಷ್ಟು, ಕ್ಯಾನನ್‌ನಲ್ಲಿ 480ರಷ್ಟು ದೂರ ನೋಡುತ್ತದೆ. ಕೈಯ ನಡುಕವೂ ಅಷ್ಟೇ ಹಿಗ್ಗುತ್ತದೆ. ಕೈಯಲ್ಲಿ ಹಿಡಿದು ತೆಗೆಯುವಾಗ ಶಟರ್ ವೇಗ ಸೆಕೆಂಡಿನ 500ನೆಯ ಒಂದು ಭಾಗಕ್ಕೆ ಕಡಿಮೆಯಾಗದಂತೆ ನೋಡಿಕೊಳ್ಳಬೇಕು. ಮಸೂರದೊಳಗಿನ ನಡುಕ ತಡೆಯುವ ವ್ಯವಸ್ಥೆ ಕೈಯನ್ನು ಸ್ಥಿರಗೊಳಿಸೀತೇ ಹೊರತು ಹಾರುವ ಹಕ್ಕಿಯನ್ನಲ್ಲ. ಹಕ್ಕಿಗಳಿಗಾಗಿ ದೊಡ್ಡ ಮಸೂರದ ಆಸೆ ಪಡುವ ಮೊದಲು ಹಿತ್ತಲಿನ ಅತ್ತಿಮರದ ಬಳಿ ಒಂದು ಬೆಳಗು ಕದಲದೆ ಕೂರುವುದನ್ನು ಕಲಿಯಬೇಕು. ಮೂಡಿಗೆರೆಯ ತೋಟದಲ್ಲಿ ನೆಲೆಸಿ ಹಕ್ಕಿಗಳ ಚಿತ್ರ ತೆಗೆದ ಪೂರ್ಣಚಂದ್ರ ತೇಜಸ್ವಿ (1938–2007) ಅವರ ಹೆಸರು ಇಲ್ಲಿ ನೆನಪಿಗೆ ಬರುವುದು ಸಹಜ.

ಹಳೆಯದನ್ನು ಕೊಳ್ಳುವಾಗ

ಎತ್ತು ಕೊಳ್ಳುವವನು ಹಲ್ಲು ನೋಡುವಂತೆ ಇಲ್ಲಿಯೂ ಪರೀಕ್ಷೆಗಳಿವೆ. ಮಸೂರದ ಹಿಂದಿನಿಂದ ಟಾರ್ಚು ಬಿಟ್ಟು ಮುಂದಿನಿಂದ ಓರೆಯಾಗಿ ನೋಡಬೇಕು. ಜೇಡರ ಬಲೆಯಂತಹ ಎಳೆಗಳು ಕಂಡರೆ ಅದು ಬೂಷ್ಟು, ಕೊಳ್ಳಬಾರದು. ಎಫ್ 16ರಲ್ಲಿ ಬಿಳಿ ಗೋಡೆಯ ಚಿತ್ರ ತೆಗೆದರೆ ಸೆನ್ಸರಿನ ಮೇಲಿನ ದೂಳು ಚುಕ್ಕೆಗಳಾಗಿ ಕಾಣುತ್ತದೆ. ಶಟರ್ ಎಷ್ಟು ಬಾರಿ ತೆರೆದಿದೆ ಎಂಬ ಲೆಕ್ಕವನ್ನು ಕೇಳಿ ತಿಳಿಯಬೇಕು. ಫೋಕಸ್, ಫ್ಲ್ಯಾಶ್, ಬ್ಯಾಟರಿ, ಕಾರ್ಡಿನ ಗೂಡು ಎಲ್ಲವನ್ನೂ ಅಲ್ಲಿಯೇ ಪ್ರಯೋಗಿಸಿ ನೋಡಬೇಕು. ಮೂಲ ಬಿಲ್ಲು ಇಲ್ಲದ ವಸ್ತುವನ್ನು ಎಷ್ಟೇ ಅಗ್ಗವಾದರೂ ಬಿಡುವುದು ಲೇಸು.

ಮಳೆಗಾಲ

ಮಲೆನಾಡಿನಲ್ಲಿ ಮಸೂರದ ಮೊದಲ ಶತ್ರು ಬೂಷ್ಟು. ಜೂನಿನಿಂದ ಸೆಪ್ಟೆಂಬರಿನವರೆಗೆ ಚರ್ಮದ ಅಥವಾ ಬಟ್ಟೆಯ ಚೀಲದಲ್ಲಿ ಮುಚ್ಚಿಟ್ಟ ಕ್ಯಾಮರಾ ಒಂದೇ ಮಳೆಗಾಲದಲ್ಲಿ ಕೆಡಬಹುದು. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್, ತೇವಾಂಶ ತೋರಿಸುವ ಒಂದು ಸಣ್ಣ ಮಾಪಕ, ಇಷ್ಟಿದ್ದರೆ ಸಾಕು. ತೇವಾಂಶ ಶೇಕಡಾ 40ರಿಂದ 50ರೊಳಗೆ ನಿಲ್ಲಬೇಕು. ಬಣ್ಣಗೆಟ್ಟ ಜೆಲ್ಲನ್ನು ಬಿಸಿಮಾಡಿ ಮತ್ತೆ ಬಳಸಬಹುದು. ನೀಲಿ ಬಣ್ಣದ ಜೆಲ್‌ನಲ್ಲಿ ವಿಷಕಾರಿಯಾದ ಕೋಬಾಲ್ಟ್ ಲವಣವಿರುವುದರಿಂದ ಕಿತ್ತಳೆ ಬಣ್ಣದ್ದೇ ಒಳ್ಳೆಯದು. ಯಾವುದನ್ನೂ ಅಡುಗೆಯ ಪಾತ್ರೆಯಲ್ಲಿ ಹುರಿಯಬಾರದು.

ಒಲೆಯ ಮೇಲಿನ ಅಟ್ಟ ಮನೆಯಲ್ಲೇ ಅತಿ ಒಣ ಸ್ಥಳವೆಂಬುದು ನಿಜ. ಆದರೂ ಕ್ಯಾಮರಾವನ್ನು ಅಲ್ಲಿಡಬಾರದು. ಹೊಗೆಯ ಜಿಡ್ಡು ಗಾಜಿಗೆ ಅಂಟುತ್ತದೆ. ಅಕ್ಕಿಯ ಡಬ್ಬಿಯಲ್ಲಿ ಹೂಳುವುದೂ ತರವಲ್ಲ, ಅಕ್ಕಿಯ ಹುಡಿ ಒಳಗೆ ಸೇರುತ್ತದೆ. ಎಲ್ಲಕ್ಕಿಂತ ದೊಡ್ಡ ಔಷಧ ಬಳಕೆ: ವಾರಕ್ಕೊಮ್ಮೆ ಬೆಳಕಿಗೂ ಗಾಳಿಗೂ ಬರುವ ಮಸೂರ ಹೆಚ್ಚು ಕಾಲ ಬಾಳುತ್ತದೆ.

ಚಿತ್ರ ಸಾಕ್ಷ್ಯವಾಗಬೇಕಾದರೆ

ಕೊಂಡ ದಿನವೇ ಕ್ಯಾಮರಾದ ದಿನಾಂಕ, ಸಮಯಗಳನ್ನು ಸರಿಪಡಿಸಬೇಕು. ತಪ್ಪು ದಿನಾಂಕದ ಚಿತ್ರವನ್ನು ಎದುರು ಪಕ್ಷದವರು ಸುಲಭವಾಗಿ ಪ್ರಶ್ನಿಸುತ್ತಾರೆ. ಮೂಲ ಕಡತವನ್ನು ತಿದ್ದದೆ ಎರಡು ಕಡೆ ಉಳಿಸಬೇಕು. ವಾಟ್ಸಾಪಿನಲ್ಲಿ ಚಿತ್ರವಾಗಿ ಕಳಿಸಿದ ಪ್ರತಿ ಕುಗ್ಗಿರುತ್ತದೆ, ಅದರೊಳಗಿನ ದಿನಾಂಕದ ಮಾಹಿತಿಯೂ ಕಳೆದಿರುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು ವಿದ್ಯುನ್ಮಾನ ದಾಖಲೆಯೊಡನೆ ಪ್ರಮಾಣಪತ್ರವನ್ನು ಬಯಸುತ್ತದೆ. ಮೂಲ ಕಡತವೂ, ತೆಗೆದವರ ಟಿಪ್ಪಣಿಯೂ ಇದ್ದಾಗ ಆ ಕೆಲಸ ಸುಗಮವಾಗುತ್ತದೆ.

ಚಿತ್ರದ ಆಸೆಗೆ ಗೂಡಿನ ಸುತ್ತಲಿನ ಎಲೆಗಳನ್ನು ಕತ್ತರಿಸಬಾರದು. ಮನುಷ್ಯನಿಗೆ ಕಂಡ ಗೂಡು ಕಾಗೆಗೂ ಕಾಣುತ್ತದೆ. ಕಪ್ಪೆಗಳನ್ನು ಹಿಡಿದು ಕೂರಿಸಬಾರದು. ಅಭಯಾರಣ್ಯವನ್ನು ಪ್ರವೇಶಿಸಲು ಅರಣ್ಯ ಇಲಾಖೆಯ ಅನುಮತಿ ಪಡೆಯಬೇಕು.

2018ರಲ್ಲಿ ಕೊಡಗಿನಲ್ಲಿ, 2024ರ ಜುಲೈನಲ್ಲಿ ಅಂಕೋಲೆಯ ಶಿರೂರಿನಲ್ಲಿ, ಅದೇ ತಿಂಗಳ ಕೊನೆಗೆ ನೆರೆಯ ವಯನಾಡಿನಲ್ಲಿ ಗುಡ್ಡಗಳು ಕುಸಿದವು. ಕುಸಿದ ಮರುದಿನದ ಚಿತ್ರಗಳು ಎಲ್ಲರಿಗೂ ಸಿಗುತ್ತವೆ. ಕುಸಿಯುವ ಮುನ್ನ ಗುಡ್ಡದಲ್ಲಿ ಏನೇನು ಬದಲಾಗುತ್ತಿತ್ತು ಎಂಬುದನ್ನು ತೋರಿಸಬಲ್ಲವರು ಅದರ ಬುಡದಲ್ಲಿ ವಾಸಿಸುವವರು ಮಾತ್ರ. ಪ್ರತಿ ಊರಿನಲ್ಲಿ ಒಬ್ಬರಾದರೂ ಒಂದು ಬಂಡೆಯನ್ನು ಗುರುತು ಮಾಡಿಕೊಂಡು, ಅದರ ಮೇಲೆ ನಿಂತು, 18 ಮಿ.ಮೀ.ಗೆ ಮಸೂರವನ್ನಿಟ್ಟು, ಮಳೆಗೆ ಮೊದಲು ಒಮ್ಮೆ, ಮಳೆ ಕಳೆದ ಮೇಲೆ ಒಮ್ಮೆ ಎದುರಿನ ಗುಡ್ಡದ ಚಿತ್ರ ತೆಗೆಯಲಿ. ದಿನಾಂಕ, ಸ್ಥಳಗಳನ್ನು ನೋಟುಬುಕ್ಕಿನಲ್ಲಿ ಬರೆದಿಡಲಿ. ಹತ್ತು ವರ್ಷಕ್ಕೆ ಇಪ್ಪತ್ತು ಚಿತ್ರಗಳಾಗುತ್ತವೆ. ಅದಕ್ಕೆ ಹಳೆಯ ಕ್ಯಾಮರಾವೂ ಕಿಟ್ ಮಸೂರವೂ ಧಾರಾಳವಾಗಿ ಸಾಕು. ಈ ಮಳೆಗಾಲಕ್ಕೆ ಮುನ್ನ ಮೊದಲ ಚಿತ್ರವನ್ನು ತೆಗೆಯುವವರು ಯಾರು ಎಂಬುದನ್ನು ಆಯಾ ಊರಿನವರು ಇಂದೇ ಕೂಡಿ ನಿರ್ಧರಿಸುವುದು ಒಳಿತು.