ಒಂದು ಪುಸ್ತಕ, ಇಬ್ಬರು ಮಕ್ಕಳು
(ಕಾರ್ಮಿಕರ ವಾಚನಾಲಯದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಬೋನಸ್ಸು, ತುಟ್ಟಿಭತ್ಯ, ಅಂಗಡಿಗಳ ತೆರಿಗೆ ಇವುಗಳನ್ನು ಕುರಿತು ನಾವು ಈ ವೇದಿಕೆಯಿಂದ ಎಷ್ಟೋ ಸಲ ಮಾತನಾಡಿದ್ದೇವೆ. ಇಂದು ಮಕ್ಕಳ ವಿಷಯವನ್ನು ಎತ್ತಿಕೊಂಡಿದ್ದೇವೆ. ಇದು ಹಗುರವಾದ ವಿಷಯವೆಂದು ದಯವಿಟ್ಟು ಯಾರೂ ಎದ್ದು ಹೋಗಬಾರದು.

ಮೊದಲು ನಮ್ಮ ತಪ್ಪನ್ನು ನಾವೇ ಒಪ್ಪಿಕೊಳ್ಳೋಣ. ಮಿಲ್ಲಿನ ಗೇಟಿನ ಮುಂದೆ ‘ಒಗ್ಗಟ್ಟೇ ಬಲ’ ಎಂದು ಗಂಟಲು ಹರಿಯುವಂತೆ ಕೂಗಿ ಬಂದ ನಾವು, ಮನೆಯಲ್ಲಿ ಮಗನಿಗೆ ಹೇಳುವುದೇನು? ‘ನಿನ್ನ ಲೆಕ್ಕವನ್ನು ಪಕ್ಕದವನಿಗೆ ತೋರಿಸಬೇಡ, ಅವನು ನಿನ್ನನ್ನು ಹಿಂದೆ ಹಾಕಿಯಾನು!’ ಮಗು ಎಡಗೈಯನ್ನು ಅಡ್ಡ ಹಿಡಿದು ಬರೆಯುವುದನ್ನು ಕಲಿಯುತ್ತದೆ. ಏಳನೆಯ ವಯಸ್ಸಿನಲ್ಲಿ ಕೈ ಅಡ್ಡ ಹಿಡಿಯಲು ಕಲಿತವನು ಇಪ್ಪತ್ತೇಳರಲ್ಲಿ ಸಂಘಕ್ಕೆ ಸೇರಲು ಹಿಂದೆಮುಂದೆ ನೋಡಿದರೆ ಅವನನ್ನು ಬೈದು ಏನು ಫಲ? ಆ ಪಾಠ ಹೇಳಿಕೊಟ್ಟವರು ನಾವೇ.

ಸ್ನೇಹವೆಂಬುದು ನೀತಿಪಾಠದಿಂದ ಬರುವುದಿಲ್ಲ. ‘ಎಲ್ಲರೊಡನೆ ಸ್ನೇಹದಿಂದಿರಬೇಕು’ ಎಂದು ನೂರು ಸಲ ಕಾಪಿ ಬರೆಸಿದರೆ ಅಕ್ಷರ ದುಂಡಗಾದೀತು, ಅಷ್ಟೆ. ಕೂಡಿ ಮಾಡುವ ಕೆಲಸದಿಂದ ಸ್ನೇಹ ಹುಟ್ಟುತ್ತದೆ. ಒಂದೇ ಪಾಳಿಯಲ್ಲಿ ದುಡಿಯುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಮಾತನ್ನು ಶಾಲೆಯಲ್ಲಿ ನಡೆಸಿ ತೋರಿಸಿದವರೊಬ್ಬರು ಫ್ರಾನ್ಸ್ ದೇಶದ ಉಪಾಧ್ಯಾಯ ಸೆಲೆಸ್ತಿನ್ ಫ್ರೆನೆ. ಹುಟ್ಟಿದ್ದು 1896ರಲ್ಲಿ. ಮೊದಲನೆಯ ಮಹಾಯುದ್ಧದಲ್ಲಿ ಅವರ ಶ್ವಾಸಕೋಶಕ್ಕೆ ಗಾಯವಾಯಿತು. 1920ರಲ್ಲಿ ಬಾರ್-ಸುರ್-ಲೂ ಎಂಬ ಬೆಟ್ಟದೂರಿನ ಶಾಲೆಗೆ ಬಂದಾಗ ದಿನವಿಡೀ ಗಟ್ಟಿಯಾಗಿ ಪಾಠ ಹೇಳಲು ಅವರಿಗೆ ಉಸಿರು ಸಾಲದು. ಉಪಾಧ್ಯಾಯನ ಉಸಿರು ಕಡಿಮೆಯಾದಾಗ ಮಕ್ಕಳ ಮಾತಿಗೆ ಜಾಗವಾಯಿತು! ಅವರನ್ನು ಊರೊಳಗೆ ಸುತ್ತಾಡಿಸಿ, ಕಂಡದ್ದನ್ನು ಅವರಿಂದಲೇ ಹೇಳಿಸಿ ಬರೆಸಿದರು. 1924ರಲ್ಲಿ ಒಂದು ಸಣ್ಣ ಮುದ್ರಣಯಂತ್ರವನ್ನು ತಂದು ತರಗತಿಯಲ್ಲಿಟ್ಟರು.

ಅಲ್ಲಿ ಕೆಲಸ ನಡೆಯುತ್ತಿದ್ದ ಬಗೆಯನ್ನು ಗಮನಿಸಬೇಕು. ಮಕ್ಕಳು ತಾವು ಬರೆದದ್ದನ್ನು ಓದುವರು. ಯಾವುದನ್ನು ಅಚ್ಚುಹಾಕಬೇಕೆಂದು ಎಲ್ಲರೂ ಮತ ಹಾಕಿ ತೀರ್ಮಾನಿಸುವರು. ಆರಿಸಿದ ಬರಹವನ್ನು ಕೂಡಿ ತಿದ್ದುವರು. ಬಳಿಕ ಮೊಳೆ ಜೋಡಿಸುವವನೊಬ್ಬ, ಮಸಿ ಹಚ್ಚುವವನೊಬ್ಬ, ಕಾಗದ ಒತ್ತುವವನೊಬ್ಬ. ಒಬ್ಬನ ಕೈ ತಪ್ಪಿದರೆ ಎಲ್ಲರ ಪುಟವೂ ಕೆಡುತ್ತದೆ. ಆದುದರಿಂದ ಪಕ್ಕದವನ ತಪ್ಪನ್ನು ಕಂಡು ನಗುವವರಿಲ್ಲ, ತಿದ್ದುವವರಿದ್ದಾರೆ. ಇದಕ್ಕಿಂತ ದೊಡ್ಡ ಸ್ನೇಹದ ಪಾಠ ಯಾವುದಿದೆ?

1926ರಲ್ಲಿ ಅವರು ಇನ್ನೊಂದು ಹೆಜ್ಜೆ ಮುಂದಿಟ್ಟರು. ದೇಶದ ಇನ್ನೊಂದು ತುದಿಯಲ್ಲಿ, ಬ್ರಿಟನಿಯ ಕಡಲ ಕಡೆಯಲ್ಲಿ, ರೆನೆ ದಾನ್ಯೆಲ್ ಎಂಬ ಉಪಾಧ್ಯಾಯರ ಶಾಲೆಯಿತ್ತು. ಬೆಟ್ಟದ ಮಕ್ಕಳೂ ಕಡಲ ಮಕ್ಕಳೂ ಒಬ್ಬರಿಗೊಬ್ಬರು ಕಾಗದ ಬರೆಯತೊಡಗಿದರು, ತಾವೇ ಅಚ್ಚುಹಾಕಿದ ಹಾಳೆಗಳನ್ನು ಕಳುಹಿಸಿಕೊಂಡರು. ಮುಖ ನೋಡದ ಗೆಳೆಯನೊಬ್ಬ ಓದುವನೆಂದು ತಿಳಿದ ಮೇಲೆ ಮಗು ಅಕ್ಷರ ತಿದ್ದಲು ಬೆತ್ತ ಬೇಕೇ?

ಇದೆಲ್ಲ ಸುಮ್ಮನೆ ನಡೆಯಲಿಲ್ಲ. ಫ್ರೆನೆ ಎಡಪಂಥದವರು. ಬಡವರ ಮಕ್ಕಳು ಯೋಚಿಸಿ ಬರೆಯುವುದು ಊರಿನ ಪ್ರಮುಖರಿಗೆ ಹಿಡಿಸಲಿಲ್ಲ. 1932–33ರಲ್ಲಿ ಅವರ ವಿರುದ್ಧ ಗೋಡೆಗಳ ಮೇಲೆ ಭಿತ್ತಿಪತ್ರಗಳೆದ್ದವು, ಅವರು ತಾವಿದ್ದ ಶಾಲೆಯನ್ನು ಬಿಡಬೇಕಾಯಿತು. ಆದರೂ ಕುಗ್ಗದೆ 1935ರಲ್ಲಿ ವಾನ್ಸ್ ಎಂಬಲ್ಲಿ ತಮ್ಮದೇ ಶಾಲೆಯನ್ನು ತೆರೆದರು. ಸ್ಪೇನಿನ ಅಂತರ್ಯುದ್ಧದಲ್ಲಿ ನೆಲೆ ಕಳೆದುಕೊಂಡ ಮಕ್ಕಳಿಗೂ ಅಲ್ಲಿ ಜಾಗ ಸಿಕ್ಕಿತು. ಅವರು ತೀರಿಕೊಂಡದ್ದು 1966ರಲ್ಲಿ.

ನಮ್ಮಲ್ಲಿಯೂ ಇದಕ್ಕೆ ನೆಲ ಹಸನಾಗಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾದ ‘ನಲಿ-ಕಲಿ’ಯಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು ಗುಂಪಾಗಿ ಕುಳಿತು ಕಲಿಯುತ್ತಾರೆ.

‘ಜಾಣ ಹುಡುಗನಿಗೆ ಇದರಿಂದ ನಷ್ಟವಲ್ಲವೇ?’ ಎಂದು ವರ್ತಕ ಮಿತ್ರರೊಬ್ಬರು ಕೇಳಿದರು. ವ್ಯಾಪಾರದ ಭಾಷೆಯಲ್ಲೇ ಉತ್ತರ ಹೇಳುತ್ತೇವೆ. ಅಕ್ಕಿಯನ್ನು ಅಳೆದು ಕೊಟ್ಟರೆ ಚೀಲ ಬರಿದಾಗುತ್ತದೆ. ವಿದ್ಯೆಯನ್ನು ಕೊಟ್ಟರೆ ಕೊಟ್ಟವನಲ್ಲೇ ಗಟ್ಟಿಯಾಗುತ್ತದೆ. ತಿಳಿಯದವನಿಗೆ ಹೇಳಿಕೊಡಲು ಹೋದಾಗಲೇ ತನಗೆಷ್ಟು ತಿಳಿದಿದೆಯೆಂಬುದು ಜಾಣನಿಗೂ ಗೊತ್ತಾಗುವುದು.

ಮುಷ್ಕರದ ತಿಂಗಳಲ್ಲಿ ಉದ್ದರಿ ಕೊಟ್ಟು ಒಲೆ ಉರಿಸುವವನು ಬೀದಿಯ ಸಣ್ಣ ಅಂಗಡಿಯವನು. ಸಂಬಳದ ದಿನ ಅವನ ಗಲ್ಲ ತುಂಬಿಸುವವನು ಕಾರ್ಮಿಕ. ಇಬ್ಬರ ಬದುಕು ಹೀಗೆ ಹೆಣೆದುಕೊಂಡಿದ್ದರೂ ಮಕ್ಕಳು ಬೇರೆ ಬೇರೆ ಶಾಲೆ, ಬೇರೆ ಬೇರೆ ಕೇರಿ. ಅವರು ಒಟ್ಟಿಗೆ ಕೂರುವ ಒಂದು ಚಾಪೆಯನ್ನಾದರೂ ನಾವು ಹಾಸಬಾರದೆ?

ನಮ್ಮ ಸಲಹೆ ಸಣ್ಣದು. ಪ್ರತಿ ಭಾನುವಾರ ಎರಡು ಗಂಟೆ ಈ ವಾಚನಾಲಯದ ಪಡಸಾಲೆಯನ್ನು ಮಕ್ಕಳಿಗೆ ಬಿಟ್ಟುಕೊಡೋಣ. ಜಾತಿ, ಕೇರಿ, ಅಂಗಡಿ, ಮಿಲ್ಲು ನೋಡದೆ ಇಬ್ಬರಿಗೊಂದು ಪುಸ್ತಕ. ಒಬ್ಬ ಓದಲಿ, ಇನ್ನೊಬ್ಬ ಪ್ರಶ್ನೆ ಕೇಳಲಿ, ಆಮೇಲೆ ಅದಲುಬದಲಾಗಲಿ. ಕೊನೆಗೆ ಎಲ್ಲರೂ ಕೂಡಿ ಕಪ್ಪು ಹಲಗೆಯ ಮೇಲೆ ಒಂದು ಕಾಗದ ರಚಿಸಿ, ಬೇರೊಂದು ಊರಿನ ಮಕ್ಕಳಿಗೆ ಅಂಚೆಯಲ್ಲಿ ಹಾಕಲಿ. ಮುದ್ರಣಯಂತ್ರ ಬೇಡ, ಒಂದು ಕಾರ್ಡು ಸಾಕು. ಹಲಗೆಗೂ ಸುಣ್ಣದ ಕಡ್ಡಿಗೂ ಆಗುವ ಖರ್ಚನ್ನು ಸಂಘವೂ ವರ್ತಕರೂ ಸಮವಾಗಿ ಹೊರಲಿ.

ಇಂದು ರಾತ್ರಿ ಮನೆಗೆ ಹೋದವರು ಮಗುವಿಗೆ ಒಂದೇ ಮಾತು ಹೇಳಿ: ‘ಕೈ ತೆಗೆ, ಪಕ್ಕದವನೂ ನೋಡಲಿ.’ ಒಗ್ಗಟ್ಟಿನ ಮೊದಲ ಪಾಠ ಅಲ್ಲಿಂದ ಆರಂಭವಾಗಲಿ.