ಚಿಟಗುಪ್ಪದಲ್ಲಿ ತಿರುಗಿದ ದಾರಿ

ಸೈಕಲ್ಲಿನ ಮೇಲೆ ದೂರದ ಪಯಣ ಹೊರಡುವವನು ಮೊದಲು ನಕಾಶೆಯನ್ನು ಬಿಡಿಸುತ್ತಾನೆ. ಇಂದು ಇಷ್ಟು, ನಾಳೆ ಅಷ್ಟು ಎಂದು ಪೆನ್ಸಿಲಿನಿಂದ ಗೆರೆ ಎಳೆಯುತ್ತಾನೆ. ಆ ಗೆರೆಗೆ ಏರಿಲ್ಲ, ಎದುರುಗಾಳಿಯಿಲ್ಲ, ಮುಖ್ಯವಾಗಿ ಮೊಳಕಾಲಿಲ್ಲ.

ನಾವು ಎಳೆದ ಗೆರೆ ಮೂರು ಹಳೆಯ ರಾಜಧಾನಿಗಳನ್ನು ಕೂಡಿಸುವಂಥದು. ಬಾದಾಮಿಯಿಂದ ಹೊರಟು, ಕೃಷ್ಣೆಯನ್ನೂ ಭೀಮೆಯನ್ನೂ ದಾಟಿ, ಮಳಖೇಡದ ಕೋಟೆಯನ್ನು ನೋಡಿಕೊಂಡು ಕಲ್ಯಾಣವನ್ನು ಮುಟ್ಟುವುದು. ಕಾಗಿಣಾ ದಂಡೆಯ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅವರು ಅಳಿದ ಮೇಲೆ ಚಾಲುಕ್ಯರೂ ಕೆಲಕಾಲ ಅಲ್ಲಿಂದ ಆಳಿದರು. 11ನೆಯ ಶತಮಾನದಲ್ಲಿ, ಒಂದನೆಯ ಸೋಮೇಶ್ವರನ ಕಾಲಕ್ಕೆ, ರಾಜಧಾನಿ ಕಲ್ಯಾಣಕ್ಕೆ ಬಂದಿತು. ರಾಜಧಾನಿ ಸಾಗಿದ ದಿಕ್ಕಿನಲ್ಲಿ ನಾವೂ ಸಾಗಬೇಕೆಂಬುದು ನನ್ನ ಜೊತೆಗಾರರಾದ ನಿವೃತ್ತ ಮಾಸ್ತರರ ಕಲ್ಪನೆ. ವಯಸ್ಸಿನಲ್ಲಿ ನನಗಿಂತ ಬಹಳ ಹಿರಿಯರು. ಏರುದಾರಿಯಲ್ಲಿ ಮಾತ್ರ ನನಗಿಂತ ಮುಂದು.

ಚಿಂಚೋಳಿಯವರೆಗೆ ಗೆರೆಯೂ ದಾರಿಯೂ ಒಂದೇ ಆಗಿದ್ದವು. ಅಲ್ಲಿಂದ ಚಿಟಗುಪ್ಪಕ್ಕೆ ಹೊರಟ ದಿನ ರೋಹಿಣಿ ಮಳೆ ಹೊಡೆದಿತ್ತು. ಒಂದೆಡೆ ರಸ್ತೆಯನ್ನು ಕಿತ್ತಿದ್ದರಿಂದ ಪಕ್ಕದ ಎರೆಹೊಲದ ಗಾಡಿದಾರಿಗೆ ಇಳಿಯಬೇಕಾಯಿತು. ಎರೆಮಣ್ಣನ್ನು ಬಲ್ಲವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಪಾದ ಹೂಳುವಷ್ಟು ಬಿರುಕು ಬಿಡುವ ಆ ಮಣ್ಣು ನೆನೆದರೆ ಊದಿಕೊಂಡು ಅಂಟಾಗುತ್ತದೆ. ಗಾಲಿ ನಾಲ್ಕು ಸುತ್ತು ಬರುವಷ್ಟರಲ್ಲಿ ಟೈರಿಗೂ ಮಡ್‌ಗಾರ್ಡಿಗೂ ನಡುವೆ ತುಂಬಿಕೊಂಡು, ಸೈಕಲ್ಲು ಹಟ ಹಿಡಿದ ಎಮ್ಮೆಯಂತೆ ನಿಂತುಬಿಡುತ್ತದೆ. ಕಡ್ಡಿಯಿಂದ ಕೆದಕುವುದು, ಹತ್ತು ಹೆಜ್ಜೆ ನೂಕುವುದು, ಮತ್ತೆ ಕೆದಕುವುದು. ಹೀಗೆ ನೂಕುವಾಗಲೇ ಮಾಸ್ತರರ ಕಾಲು ಜಾರಿ ಮೊಳಕಾಲು ತಿರುಚಿತು.

ಚಿಟಗುಪ್ಪ ಸೇರಿದಾಗ ಸಂಜೆಯಾಗಿತ್ತು. ಹಿಂದೆ ಹುಮನಾಬಾದ ತಾಲ್ಲೂಕಿಗೆ ಸೇರಿದ್ದ ಈ ಊರು ಈಗ ತಾನೇ ತಾಲ್ಲೂಕು ಕೇಂದ್ರ. ಸೈಕಲ್ ಅಂಗಡಿಯವನು ಗಾಲಿಗಳನ್ನು ತಿರುಗಿಸಿ ನೋಡಿ, "ಗಾಡಿಗೇನೂ ಆಗಿಲ್ರಿ ಮಾಸ್ತರ್ರ. ಆರಾಮ ಬೇಕಾಗಿದ್ದು ನಿಮ್ಮ ಮೊಳಕಾಲಿಗಿ" ಎಂದ.

ರಾತ್ರಿ ಮಾಸ್ತರರು ನನಗೆ ಹೇಳಿದರು: "ತಮ್ಮಾ, ನೀ ಸೈಕಲ್ ಮ್ಯಾಲೇ ಕಲ್ಯಾಣ ಮುಟ್ಟು. ನಾ ಬಸ್ಸಿನ್ಯಾಗ ಬಂದು ಕೂಡ್ತೀನಿ. ಒಬ್ಬರ ಗೆರಿಯಾದರೂ ಪೂರ್ತಿ ಆಗಲಿ."

ಆಸೆ ನನಗೆ ಇರಲಿಲ್ಲವೆಂದಲ್ಲ. ಆದರೆ ಅವರು ಕಂಡ ಕನಸನ್ನು ಅವರನ್ನು ಬಿಟ್ಟು ನಾನು ಮುಗಿಸುವುದೆಂದರೇನು? ಆಗ ನೆನಪಾದವನು ಥಾಮಸ್ ಸ್ಟೀವನ್ಸ್. ಎತ್ತರದ ಮುಂಗಾಲಿಯ ಸೈಕಲ್ಲಿನಲ್ಲಿ 1884ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಿಂದ ಹೊರಟು, ಮೊತ್ತಮೊದಲು ಜಗತ್ತನ್ನು ಸುತ್ತಿದವನು. 1886ರಲ್ಲಿ ಆಫ್ಘಾನಿಸ್ತಾನದಲ್ಲಿ ಅವನನ್ನು ಹಿಡಿದು ಪರ್ಷಿಯಾಕ್ಕೆ ಹಿಂದಟ್ಟಿದರು. ಅವನು ಕಾನ್‌ಸ್ಟಾಂಟಿನೋಪಲ್‌ಗೆ ಮರಳಿ, ಹಡಗು ಹಿಡಿದು ಕರಾಚಿಗೆ ಬಂದು, ಲಾಹೋರಿನವರೆಗೆ ರೈಲಿನಲ್ಲಿ ಕುಳಿತು, ಅಲ್ಲಿಂದ ಕಲಕತ್ತೆಗೆ ಮತ್ತೆ ಪೆಡಲು ತುಳಿದ. ಹಡಗನ್ನೂ ರೈಲನ್ನೂ ತನ್ನ ಗ್ರಂಥದಲ್ಲಿ ಅವನು ಮುಚ್ಚಿಡಲಿಲ್ಲ. ಪ್ರವಾಸಕಥನಗಳಲ್ಲಿ ನನಗೆ ಪ್ರಿಯವಾದ ಪುಟಗಳೆಲ್ಲ ಇಂಥವೇ.

ಸ್ಟೀವನ್ಸನ ಕಥೆಯನ್ನು ಮಾಸ್ತರರು ಕಣ್ಣು ಮುಚ್ಚಿಕೊಂಡು ಕೇಳಿದರು. ನಿದ್ದೆ ಹೋದರೆಂದುಕೊಂಡೆ. "ಹಂಗಾದರ ನಕಾಶಿ ತಾ" ಎಂದರು.

ಪೆನ್ಸಿಲಿನ ಗೆರೆ ಜಲಸಂಗವಿಯನ್ನು ಬಿಟ್ಟು ಹೋಗಿತ್ತು. ದಿನ ಸಾಲದೆಂದು ನಾವೇ ಕೈಬಿಟ್ಟಿದ್ದೆವು. ಒಂದು ದಿನ ಚಿಟಗುಪ್ಪದಲ್ಲಿ ವಿಶ್ರಮಿಸಿ, ಹುಮನಾಬಾದಿಗೆ ನಿಧಾನವಾಗಿ ತುಳಿದು, ಸೈಕಲ್ಲುಗಳನ್ನು ಅಲ್ಲಿರಿಸಿ ಆಟೋದಲ್ಲಿ ಜಲಸಂಗವಿಗೆ ಹೋದೆವು. ಅಲ್ಲಿನ ಚಾಲುಕ್ಯ ದೇಗುಲದ ಹೊರಗೋಡೆಯಲ್ಲಿ ಒಬ್ಬ ಶಿಲಾಬಾಲಿಕೆ ಬೆನ್ನು ತಿರುಗಿಸಿ ನಿಂತು ಆರನೆಯ ವಿಕ್ರಮಾದಿತ್ಯನ ಹೊಗಳಿಕೆಯನ್ನು ಬರೆಯುತ್ತಿದ್ದಾಳೆ. ಅಕ್ಷರಗಳು ಕಲ್ಲಿನಲ್ಲಿ ನಿಜವಾಗಿಯೂ ಇವೆ. ಮಾಸ್ತರರು ಅವಳ ಮುಂದೆ ಬಹಳ ಹೊತ್ತು ನಿಂತರು; ಕಾಲು ನೋಯುತ್ತಿದೆಯೇ ಎಂದು ನಾನು ಕೇಳಲಿಲ್ಲ.

ಹುಮನಾಬಾದಿನಿಂದ ಮುಂದಿನದು ಪುಣೆ–ಹೈದರಾಬಾದ ಹೆದ್ದಾರಿ, ಲಾರಿಗಳ ಸಾಲು. ಮರುದಿನ ಸೈಕಲ್ಲುಗಳನ್ನು ಬಸ್ಸಿನ ಮೇಲೇರಿಸಿದೆವು. ಬಸವಕಲ್ಯಾಣದಲ್ಲಿ ಅವನ್ನು ಇಳಿಸಿಕೊಂಡು ತ್ರಿಪುರಾಂತಕ ಕೆರೆಯವರೆಗೆ ನಡೆದೇ ಹೋದೆವು, ಮಾಸ್ತರರು ತಮ್ಮ ಸೈಕಲ್ಲನ್ನೇ ಊರುಗೋಲಾಗಿ ಹಿಡಿದುಕೊಂಡು.