ನೀರು ಕಡಿತದ ಮೇ ತಿಂಗಳು, ಬಾಲ್ಕನಿಯ ನಾಲ್ಕು ಹೂ

ಇವತ್ತಿನ ಮಾತು ಕೋಡ್ ಬಗ್ಗೆ ಅಲ್ಲ, ಹೂವಿನ ಬಗ್ಗೆ. ಊರು ಬಿಟ್ಟು ಮುಂಬೈಗೆ ಬಂದ ನಾವು ಫ್ಲಾಟ್ ಎಷ್ಟೇ ಚಿಕ್ಕದಿರಲಿ, ಕಿಟಕಿಯ ಗ್ರಿಲ್‌ನಲ್ಲಿ ಒಂದು ತುಳಸಿ, ಒಂದು ಮಲ್ಲಿಗೆ ಅಂತೂ ಇಟ್ಟಿರ್ತೀವಿ, ಅಲ್ವಾ? ಆ ಹೂವನ್ನ ನೀರಿಲ್ಲದ ಬೇಸಿಗೆಯಲ್ಲಿ ಮನೆಯೊಳಗೆ ಹೇಗೆ ಜೋಡಿಸಿಡೋದು, ಹಾಗೆ ಇಡೋದು ಸರಿಯೇ ಅನ್ನೋದು ಇವತ್ತಿನ ವಿಷಯ.

'ಸರಿಯೇ' ಅಂತ ಯಾಕೆ ಕೇಳ್ತಿದ್ದೀನಿ ಅಂದ್ರೆ, 2024ರ ಬೇಸಿಗೆ ನೆನಪು ಮಾಡ್ಕೊಳ್ಳಿ. ಈ ನಗರಕ್ಕೆ ನೀರು ಕೊಡೋದು ಏಳು ಕೆರೆ-ಜಲಾಶಯಗಳು: ಭಾತ್ಸಾ, ಮೇಲಿನ ವೈತರಣಾ, ಮಧ್ಯ ವೈತರಣಾ, ಮೋಡಕ್ ಸಾಗರ್, ತಾನ್ಸಾ, ವಿಹಾರ್, ತುಳಸಿ. ಆ ವರ್ಷ ಮೇ ಕೊನೆಗೆ ಅವುಗಳಲ್ಲಿ ಒಟ್ಟು ಸಾಮರ್ಥ್ಯದ ಶೇ. 10ಕ್ಕಿಂತ ಕಡಿಮೆ ನೀರು ಉಳಿದಿತ್ತು. ಮಹಾನಗರ ಪಾಲಿಕೆ ಮೇ 30ರಿಂದ ಶೇ. 5, ಜೂನ್ 5ರಿಂದ ಶೇ. 10 ನೀರು ಕಡಿತ ಮಾಡಿತು. ಮುಲುಂಡ್‌ನ ನಮ್ಮ ಸೊಸೈಟಿಯಲ್ಲಿ ಮೀಟಿಂಗ್ ಕರೆದರು. ಮಳೆ ಬರೋವರೆಗೆ ಎಲ್ಲರೂ ಕುಂಡಗಳನ್ನ ತೆಗೆದುಬಿಡಿ ಅನ್ನೋದು ಪ್ರಸ್ತಾಪ. ನಾಲ್ಕನೇ ಮಹಡಿಯ ಮರಾಠಿ ಕಾಕೂ ನನ್ನ ಕಡೆ ತಿರುಗಿ, "ಬಾಳಾ, ನಾವು ಕುಡಿಯೋ ನೀರನ್ನ ಡ್ರಮ್ಮಿನಲ್ಲಿ ಕೂಡಿಡ್ತಾ ಇದ್ದೀವಿ, ನೀನು ಹೂವಿಗೆ ಹಾಕ್ತೀಯಾ?" ಅಂದರು.

ಪ್ರಶ್ನೆ ನ್ಯಾಯವಾದದ್ದೇ. ಹೂವು ಮನಸ್ಸಿಗೆ ಹಿತ, ಸಂಸ್ಕೃತಿ ಅಂತೆಲ್ಲ ಹೇಳಿದ್ರೆ ಅದು ಉತ್ತರ ಆಗಲ್ಲ. ಲೆಕ್ಕ ಬೇಕು.

ನಮ್ಮಲ್ಲಿ ಹನ್ನೆರಡು ಕುಂಡ. ಮೇ ತಿಂಗಳಲ್ಲಿ ಕುಂಡಕ್ಕೆ ದಿನಕ್ಕೆ ಹೆಚ್ಚುಕಡಿಮೆ ಒಂದು ಲೀಟರ್ ಬೇಕು, ಅಂದ್ರೆ ಹನ್ನೆರಡು ಲೀಟರ್. ಇಷ್ಟು ನೀರನ್ನ ನಲ್ಲಿಯಿಂದ ತಗೊಂಡ್ರೆ ಕಾಕೂ ಹೇಳಿದ್ದೇ ಸರಿ. ಆದ್ರೆ ಮುಂಬೈನ 'ಒಣ' ಬೇಸಿಗೆ ಒಂದು ವಿಚಿತ್ರ. ಅಕ್ಟೋಬರ್ ಮಧ್ಯದಿಂದ ಜೂನ್‌ವರೆಗೆ ಮಳೆ ಇಲ್ಲವೇ ಇಲ್ಲ ಅನ್ನಬಹುದು, ಆದ್ರೆ ಗಾಳಿ ತುಂಬಾ ನೀರು. ಹಾವೇರಿಯಲ್ಲಿ ಒಗೆದ ಬಟ್ಟೆ ಏಪ್ರಿಲ್‌ನಲ್ಲಿ ಅರ್ಧ ಗಂಟೆಗೆ ಒಣಗತ್ತೆ, ಇಲ್ಲಿ ಮೈಮೇಲಿನ ಬೆವರೇ ಒಣಗಲ್ಲ. ಗಾಳಿಯ ಆ ನೀರನ್ನ ನಮ್ಮ ಎಸಿ ರಾತ್ರಿಯಿಡೀ ಹಿಂಡಿ ಪೈಪಿನಿಂದ ಹೊರಗೆ ಸುರಿಸ್ತಾ ಇರತ್ತೆ. ಪೈಪಿನ ಕೆಳಗೆ ಬಕೆಟ್ ಇಟ್ಟು ಅಳೆದೆ. ಎಂಟು ಗಂಟೆಗೆ ಏಳು ಲೀಟರ್! ಕುಡಿಯೋಕೆ ಬರಲ್ಲ, ಆದ್ರೆ ಉಪ್ಪಿನಂಶ ಇಲ್ಲದ ನೀರು, ಗಿಡಕ್ಕೆ ಒಳ್ಳೇದು. ಉಳಿದ ಐದು ಲೀಟರ್‌ಗೆ ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು. ಆರ್‌ಓ ಫಿಲ್ಟರ್ ಹೊರಗೆ ಬಿಡೋ ನೀರು ಮಾತ್ರ ಕುಂಡಕ್ಕೆ ಬೇಡ, ಅದರಲ್ಲಿ ಲವಣ ಜಾಸ್ತಿ. ನೆಲ ಒರೆಸೋಕೆ ಇಟ್ಕೊಳ್ಳಿ.

ಇನ್ನೊಂದು ಮಾತನ್ನೂ ಮೀಟಿಂಗ್‌ನಲ್ಲಿ ಹೇಳಿದೆ. ಕುಂಡ ತೆಗೆದ್ರೆ ಮನೆಗೆ ಹೂ ಬರೋದು ನಿಲ್ಲಲ್ಲ. ದಾದರ್ ಮಾರ್ಕೆಟ್‌ನಿಂದ ತರ್ತೀವಿ. ಅಲ್ಲಿಗೆ ಬರೋ ಗುಲಾಬಿ ಪುಣೆ, ನಾಸಿಕ್ ಕಡೆಯ ಬಾವಿ, ಕಾಲುವೆ ನೀರಲ್ಲಿ ಬೆಳೆದದ್ದು. ನಮ್ಮ ಮೀಟರ್‌ನಲ್ಲಿ ಕಾಣಲ್ಲ ಅಷ್ಟೇ. ಕೊನೆಗೆ ಒಪ್ಪಂದ ಆಯ್ತು: ಕುಂಡ ಇರಲಿ, ಆದ್ರೆ ನಲ್ಲಿ ನೀರು ಒಂದು ಲೋಟವೂ ಬೇಡ.

ಈ ಷರತ್ತೇ ನನಗೆ ಹೂ ಜೋಡಿಸೋದನ್ನ ಕಲಿಸಿತು ಅನ್ನಬಹುದು. ಗಿಡದಲ್ಲಿ ನೀರನ್ನ ಅತಿ ಹೆಚ್ಚು ಖರ್ಚು ಮಾಡೋದು ಹೂವಲ್ಲ, ಎಲೆ. ಹಾಗಾಗಿ ಬೇಸಿಗೆಯಲ್ಲಿ ಬರೀ ಹೂ ಕಿತ್ತು ತರೋ ಬದಲು, ಎಲೆ ಸಮೇತ ಗೇಣುದ್ದದ ಕುಡಿಯನ್ನೇ ಕತ್ತರಿಸ್ತೀನಿ. ಗಿಡದ ಬಾಯಾರಿಕೆ ಸ್ವಲ್ಪ ತಗ್ಗತ್ತೆ, ಜೋಡಣೆಗೆ ಹಸಿರೂ ಸಿಗತ್ತೆ. ಹೂ ಎರಡೇ ಇದ್ರೂ ಪಾತ್ರೆ ಖಾಲಿ ಅನ್ನಿಸಲ್ಲ. ಜಪಾನಿನ ಇಕೆಬಾನಾದಲ್ಲೂ ಹೀಗೇ, ಒಂದು ಕೊಂಬೆ, ಎರಡು ಹೂ, ಉಳಿದದ್ದು ಖಾಲಿ ಜಾಗ. ಬಡತನ ಅಂತ ಯಾರೂ ಅನ್ನಲ್ಲ!

ಕತ್ತರಿಸೋದು ಬೆಳಿಗ್ಗೆ ಏಳರ ಒಳಗೆ. ರಾತ್ರಿಯೆಲ್ಲ ನೀರು ಎಳ್ಕೊಂಡು ದಂಟು ಬಿಗಿಯಾಗಿರತ್ತೆ. ದಂಟಿನೊಳಗೆ ಕೂದಲಿಗಿಂತ ಸಣ್ಣ ನೀರಿನ ಕೊಳವೆಗಳಿವೆ. ಕತ್ತರಿಸಿದ ತಕ್ಷಣ ಅವು ಗಾಳಿ ಎಳ್ಕೊಳ್ತವೆ, ಒಂದು ಗುಳ್ಳೆ ಸಿಕ್ಕಿಕೊಂಡ್ರೂ ನೀರು ಮೇಲೇರಲ್ಲ. ಅದಕ್ಕೇ ಒಂದು ಬಟ್ಟಲು ನೀರಲ್ಲಿ ದಂಟಿನ ತುದಿ ಮುಳುಗಿಸಿ, ನೀರೊಳಗೇ ಇನ್ನೊಮ್ಮೆ ಓರೆಯಾಗಿ ಕತ್ತರಿಸಿ. ನೀರಿಗೆ ತಾಗೋ ಎಲೆ ತೆಗೆದುಬಿಡಿ, ಇಲ್ಲಾಂದ್ರೆ ಅದು ಕೊಳೆತು ಬ್ಯಾಕ್ಟೀರಿಯಾ ಬೆಳೆದು ಕೊಳವೆಯೇ ಮುಚ್ಚಿಹೋಗತ್ತೆ. ಹಾವೇರಿಯ ಒಣ ಗಾಳಿಯಲ್ಲಿ ಹೂ ಬಾಡೋದು ನೀರು ಆವಿಯಾಗಿ, ನಮ್ಮ ಮುಲುಂಡ್‌ನಲ್ಲಿ ಹೆಚ್ಚಾಗಿ ಪಾತ್ರೆಯ ನೀರು ಕೆಟ್ಟು. ಆದ್ದರಿಂದ ದೊಡ್ಡ ಹೂದಾನಿ ಬೇಡವೇ ಬೇಡ. ಸ್ಟೀಲ್ ಲೋಟ, ಪೂಜೆಯ ಚೊಂಬು, ಕಿರುಬಾಯಿಯ ಔಷಧಿ ಬಾಟಲಿ ಸಾಕು. ಕಾಲು ಲೀಟರ್ ನೀರು, ದಿನಾ ಬದಲಿಸಿ, ಹಳೇ ನೀರು ಕುಂಡಕ್ಕೆ. ಲೋಟದ ಬಾಯಿಗೆ ಎರಡು ಕಡ್ಡಿ ಅಡ್ಡಡ್ಡ ಸಿಕ್ಕಿಸಿದ್ರೆ ದಂಟು ನೆಟ್ಟಗೆ ನಿಲ್ಲತ್ತೆ.

ಯಾವ ಹೂ? ದಾಸವಾಳಕ್ಕೆ ನೀರೇ ಬೇಡ. ನೀರಲ್ಲಿ ಇಟ್ಟರೂ ಇಡದಿದ್ದರೂ ಅದರ ಆಯಸ್ಸು ಸಾಮಾನ್ಯವಾಗಿ ಒಂದೇ ದಿನ. ತಟ್ಟೆ ಮೇಲೆ ಹಾಗೇ ಇಡಿ. ಕಾಗದದ ಹೂ, ಅಂದ್ರೆ ಬೋಗನ್‌ವಿಲ್ಲಾ, ನೀರು ಕಡಿಮೆ ಆದ್ರೆ ಇನ್ನೂ ಜಾಸ್ತಿ ಬಿಡತ್ತೆ. ಅದರ ಬಣ್ಣದ ಭಾಗ ಹೂವಲ್ಲ, ಎಲೆಯೇ, ನಿಜವಾದ ಹೂ ನಡುವಿನ ಪುಟ್ಟ ಬಿಳಿ ನಕ್ಷತ್ರ. ಒಣಗಿದ ಮೇಲೂ ಬಣ್ಣ ಒಂದಷ್ಟು ದಿನ ನಿಲ್ಲತ್ತೆ. ಇಲ್ಲಿಯವರು ಸದಾಫುಲಿ ಅನ್ನೋ ನಿತ್ಯಪುಷ್ಪ ನನ್ನ ಅಚ್ಚುಮೆಚ್ಚು. ಲೋಟದಲ್ಲಿಟ್ಟ ಕುಡಿಯಲ್ಲೂ ಮೊಗ್ಗು ಒಂದೊಂದೇ ಅರಳ್ತಾ ಹೋಗತ್ತೆ, ಕೆಲವೊಮ್ಮೆ ಬೇರೂ ಬಿಡತ್ತೆ. ಟೇಬಲ್ ರೋಸ್ ಬಿಸಿಲಿಗೆ ಅರಳಿ ಮಧ್ಯಾಹ್ನ ಮುಚ್ಚಿಕೊಳ್ಳೋ ಹೂ, ಆಫೀಸಿಗೆ ಹೋಗೋರಿಗೆ ಅದು ಕಾಣೋದೇ ಭಾನುವಾರ.

ದುಂಡು ಮಲ್ಲಿಗೆಯನ್ನ ಮಾತ್ರ ಸಂಜೆಗೆ ಮುಂಚೆ ಮೊಗ್ಗಾಗಿ ಬಿಡಿಸಿ. ನಮ್ಮವ್ವ ಊರಲ್ಲಿ ಒದ್ದೆ ಬಟ್ಟೆ ಸುತ್ತಿ ಮಣ್ಣಿನ ಕುಡಿಕೆಯಲ್ಲಿ ಇಡ್ತಾರೆ, ರಾತ್ರಿ ಊಟದ ಹೊತ್ತಿಗೆ ಇಡೀ ಮನೆ ಘಮ್ ಅನ್ನತ್ತೆ. ನಾನೂ ಹಾಗೇ ಮಾಡ್ತೀನಿ. ಆ ಬಟ್ಟೆಗೆ ಒಂದು ಚಮಚ ನೀರು ಸಾಕು. ಹತ್ತು ಮೊಗ್ಗಾದ್ರೂ ಸರಿ.

ಹೂವಿನ ಪಕ್ಕ ಮಾವಿನ ಪೆಟ್ಟಿಗೆ ಬೇಡ. ಹಾಪೂಸ್ ಹಣ್ಣಾಗೋವಾಗ ಎಥಿಲೀನ್ ಅನ್ನೋ ಅನಿಲ ಬಿಡತ್ತೆ, ಅದಕ್ಕೆ ಬಹಳಷ್ಟು ಹೂಗಳು ಬೇಗ ಉದುರ್ತವೆ.

ಆ ಜೂನ್‌ನಲ್ಲಿ ನಮ್ಮ ವಿಂಗ್‌ನವರು ಐದಾರು ಎಸಿ ಪೈಪುಗಳನ್ನ ಒಂದೇ ಡ್ರಮ್ಮಿಗೆ ಸೇರಿಸಿದರು. ನೀರು ಕಡಿತ ಜುಲೈ 29ಕ್ಕೆ ರದ್ದಾಯ್ತು, ಡ್ರಮ್ ಹಾಗೇ ಉಳಿಯಿತು. ಈಗ ಲಿಫ್ಟ್ ಪಕ್ಕದ ಸ್ಟೂಲಿನ ಮೇಲೆ ವಾರಕ್ಕೊಂದು ಮನೆಯ ಹೂ ಇರತ್ತೆ, ಕಾಕೂ ತಮ್ಮ ಅಬೋಲಿ ತಂದಿಡ್ತಾರೆ, ನಮ್ಮ ಕನಕಾಂಬರವೇ ಅದು. ಕಣಗಿಲೆಯನ್ನ ಮಾತ್ರ ಅಲ್ಲಿ ಇಡೋ ಹಾಗಿಲ್ಲ. ಬೇಸಿಗೆಗೆ ಜಗ್ಗದ ಗಿಡ ನಿಜ, ಆದ್ರೆ ಎಲೆ, ಹೂ, ಅದಿಟ್ಟ ನೀರು ಎಲ್ಲವೂ ವಿಷ, ಮತ್ತೆ ಆ ಸ್ಟೂಲು ಮಕ್ಕಳ ಕೈಗೆ ಎಟುಕತ್ತೆ.